ಗೇರ್ ಲಿವರ್ ಲೂಸಾದ್ರೆ ಗೇರ್‌ಬಾಕ್ಸ್ ಯಾಕ್ರೀ ಬಿಚ್ಚಿಸ್ತೀರಿ?

ಮಾರುತಿ 800 ತಯಾರಿಕೆ 2014ರಲ್ಲೇ ನಿಂತರೂ ನಮ್ಮ ಹಳ್ಳಿಗಳಲ್ಲಿ ಇನ್ನೂ ಓಡ್ತಾ ಇವೆ. ಗೇರ್ ಲಿವರ್ ಗಡಗಡ ಅಲ್ಲಾಡಿದ್ರೆ ಸಾಕು, ಕೆಲವು ಮೆಕ್ಯಾನಿಕ್‌ಗಳು ಕಾರಿನಡಿ ಬಗ್ಗಿಯೂ ನೋಡದೆ "ಗೇರ್‌ಬಾಕ್ಸ್ ಇಳಿಸ್ಬೇಕು" ಅಂತಾರೆ. ನಾವೂ ಹೂಂ ಅಂತೀವಿ. ನೊಗದ ಮಿಣಿ ಸಡಿಲಾಯ್ತು ಅಂತ ಎತ್ತು ಮಾರ್ತೀವಾ?

ಲಿವರಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ರಾಡ್ ಇದೆ, ಅದರ ಕೀಲುಗಳಲ್ಲಿ ಬುಷ್ ಇವೆ. ಸಾಮಾನ್ಯವಾಗಿ ಸವೆಯೋದು ಈ ಬುಷ್.

ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಒಬ್ಬರು ಲಿವರ್ ಆಡಿಸಲಿ, ಇನ್ನೊಬ್ಬರು ರಾಡ್ ನೋಡಲಿ. ಲಿವರ್ ಆಡಿಯೂ ರಾಡ್ ಆಡದಿದ್ದರೆ ಬುಷ್ ಬದಲಿಸಿ, ಬೋಲ್ಟ್ ಬಿಗಿ ಮಾಡಿಸಿ. ಕೀಲೆಲ್ಲ ಗಟ್ಟಿಯಿದ್ದೂ ಓಡುವಾಗ ಗೇರ್ ಜಾರಿದರೆ, ಆಗ ಗೇರ್‌ಬಾಕ್ಸ್ ಮಾತು.

ದುಡ್ಡು ಕೊಡೋರು ನಾವು. "ಮೊದಲು ಬುಷ್ ತೋರಿಸಪ್ಪ" ಅಂತ ಕೇಳಿ.