ಹೊಣೆಗೆ ತಕ್ಕ ಕೂಲಿಯೋ, ರೆಕ್ಕೆಗೆ ತಕ್ಕ ಕೂಲಿಯೋ?

ಗೋಕಾಕ, ಮೂಡಲಗಿ, ಹುಕ್ಕೇರಿಯ ಜನರಿಗೆ ವಿಮಾನವೆಂಬುದು ಬಹುಕಾಲ ತಲೆಯೆತ್ತಿ ನೋಡುವ ವಸ್ತುವಾಗಿತ್ತು. 2017ರಲ್ಲಿ ಹಾರಾಟ ಆರಂಭಿಸಿದ ‘ಉಡಾನ್’ ಯೋಜನೆ ಅದನ್ನು ಸಣ್ಣ ಪಟ್ಟಣಗಳ ಬಳಿಗೆ ತಂದಿತು. 2019ರಲ್ಲಿ ಸ್ಟಾರ್ ಏರ್ ಸಂಸ್ಥೆ ಬೆಳಗಾವಿಯ ಸಾಂಬ್ರಾದಿಂದ ಐವತ್ತು ಆಸನಗಳ ಎಂಬ್ರೇರ್ ವಿಮಾನಗಳನ್ನು ಹಾರಿಸತೊಡಗಿತು. ಈಗ ನಮ್ಮ ಕುಟುಂಬಗಳಲ್ಲಿಯೂ ಪೈಲಟ್ ಆಗಬಯಸುವ ಮಕ್ಕಳಿದ್ದಾರೆ. ಅವರಿಗೆ ಹಿರಿಯರು ನೀಡುವ ಉಪದೇಶ ಒಂದೇ: “ದೊಡ್ಡ ವಿಮಾನಕ್ಕೆ ಹೋಗು, ಸಂಬಳ ಅಲ್ಲಿದೆ.” ಮಾತು ನಿಜ. ಆದರೆ ಆ ಪದ್ಧತಿ ನ್ಯಾಯಸಮ್ಮತವೇ? ಅಲ್ಲವೆಂಬುದೇ ನನ್ನ ವಾದ.

ಈ ಪದ್ಧತಿಗೆ ಇತಿಹಾಸವಿದೆ. ಅಮೆರಿಕದಲ್ಲಿ 1934ರ ಒಂದು ಕಾರ್ಮಿಕ ತೀರ್ಪು ಪೈಲಟ್‌ಗಳ ವೇತನವನ್ನು ವಿಮಾನದ ವೇಗದೊಡನೆ ಬೆಸೆಯಿತು. ಮುಂದೆ ತೂಕವೂ ಲೆಕ್ಕಕ್ಕೆ ಬಂತು. ವೇಗದ ವಿಮಾನ ಬಂದಾಗ ಹಾರಾಟದ ಗಂಟೆಗಳು ಕಡಿಮೆಯಾಗಿ ಸಂಬಳ ಇಳಿಯಬಾರದೆಂಬ ಕಾಳಜಿ ಅದರ ಹಿಂದಿತ್ತು. ಅಂದು ಕಾರ್ಮಿಕನ ರಕ್ಷಣೆಗೆ ಹುಟ್ಟಿದ ಸೂತ್ರ ಇಂದು ಕಾರ್ಮಿಕರಲ್ಲೇ ಮೇಲು ಕೀಳನ್ನು ಹುಟ್ಟಿಸಿದೆ.

ಸಣ್ಣ ವಿಮಾನದ ಕೆಲಸವನ್ನೇ ನೋಡಿ. ದೂರದೇಶಕ್ಕೆ ಹಾರುವ ಪೈಲಟ್ ದಿನಕ್ಕೊಮ್ಮೆ ಏರಿ ಒಮ್ಮೆ ಇಳಿದರೆ, ಸಣ್ಣ ಮಾರ್ಗದವನು ಒಂದೇ ದಿನದಲ್ಲಿ ನಾಲ್ಕೈದು ಬಾರಿ ಏರಿಳಿಯಬೇಕಾದೀತು. ವೈಮಾನಿಕ ಅಪಘಾತಗಳಲ್ಲಿ ಬಹುಪಾಲು ಸಂಭವಿಸುವುದು ಏರುವ, ಇಳಿಯುವ ಹೊತ್ತಿನಲ್ಲಿಯೇ. ಎಟಿಆರ್‌ನಂಥ ವಿಮಾನ ಹಾರುವ ಎತ್ತರವೂ ಕಡಿಮೆ. ಮಳೆಗಾಲದ ಮೋಡಗಳನ್ನು ದಾಟಿ ಮೇಲೇರುವ ಅನುಕೂಲ ಅದಕ್ಕಿಲ್ಲ. ಆದರೂ ಹೆಚ್ಚಿನ ಕೂಲಿ ಹೆಚ್ಚು ಆಸನಗಳಿಗೆ! ಐವತ್ತು ಜನರ ಪ್ರಾಣ ಮುನ್ನೂರು ಜನರ ಪ್ರಾಣದ ಆರರಲ್ಲೊಂದು ಪಾಲೇನು? ತಾಯಿಗೆ ತನ್ನ ಮಗ ಯಾವ ವಿಮಾನದಲ್ಲಿದ್ದರೂ ಒಬ್ಬನೇ ಮಗ.

ಟನ್ ಲೆಕ್ಕದ ಕೂಲಿಯ ಗುಣದೋಷ ನಮ್ಮ ಕಬ್ಬಿನ ಸೀಮೆಗೆ ಚೆನ್ನಾಗಿ ಗೊತ್ತು. ಎರಡು ಟ್ರೇಲರ್ ಬಿಗಿದು, ಮಿತಿಮೀರಿ ಹೇರಿ, ಸಂಕೇಶ್ವರದ ಕಾರ್ಖಾನೆಯ ದಾರಿಯಲ್ಲಿ ವಾಲಾಡುತ್ತ ಸಾಗುವ ಟ್ರ್ಯಾಕ್ಟರನ್ನು ನೋಡದವರಾರು? ತೂಕಕ್ಕೆ ಹಣವಿಟ್ಟರೆ ತೂಕವೇ ಬೆಳೆಯುತ್ತದೆ, ಎಚ್ಚರಿಕೆ ಬೆಳೆಯುವುದಿಲ್ಲ. ವಿಮಾನಕ್ಕೆ ಯಾರೂ ಹೆಚ್ಚು ಹೇರುವುದಿಲ್ಲ, ನಿಜ. ಅಲ್ಲಿ ನಡೆಯುವುದು ಬೇರೊಂದು ಹಾನಿ. ಅನುಭವ ಗಳಿಸಿದವರೆಲ್ಲ ದೊಡ್ಡ ವಿಮಾನಕ್ಕೆ ಜಿಗಿಯುತ್ತಾರೆ. ಪ್ರತಿ ಜಿಗಿತಕ್ಕೂ ಹೊಸ ತರಬೇತಿಯ ಖರ್ಚು. ಸಣ್ಣ ಊರಿನ ಮಾರ್ಗ ಹೊಸಬರ ತಂಗುದಾಣವಾಗುತ್ತದೆ.

2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಬಳಿ ಕೋಲ್ಗನ್ ಸಂಸ್ಥೆಯ ಪ್ರಾದೇಶಿಕ ವಿಮಾನ ಬಿದ್ದು 50 ಜನ ಸತ್ತರು. ನಾಯಕನ ತಪ್ಪು ಪ್ರತಿಕ್ರಿಯೆಯೇ ಕಾರಣವೆಂದು ತನಿಖೆ ಹೇಳಿತು. ಆದರೆ ಸಹಪೈಲಟ್ ಆಗಿದ್ದ ತರುಣಿಯ ಅಲ್ಪ ಸಂಬಳ, ಆಕೆ ರಾತ್ರಿಯಿಡೀ ಪ್ರಯಾಣಿಸಿ ಕೆಲಸಕ್ಕೆ ಬಂದ ಸಂಗತಿ ವಿಚಾರಣೆಯಲ್ಲಿ ಹೊರಬಿದ್ದು ಆ ದೇಶವೇ ತಲೆತಗ್ಗಿಸಿತು.

ಹಾಗಾದರೆ ಅನುಭವಕ್ಕೆ ಬೆಲೆ ಬೇಡವೇ? ಬೇಕು, ಆದರೆ ಮಿತಿಯಿರಲಿ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿತೆಗೆದುಕೊಂಡ ದುರಂತವನ್ನು ಮರೆಯಲಾದೀತೇ? ಹತ್ತು ಸಾವಿರಕ್ಕೂ ಹೆಚ್ಚು ಗಂಟೆ ಹಾರಿದ್ದ ನಾಯಕ ಹಾರಾಟದ ಬಹುಭಾಗ ನಿದ್ರಿಸಿದ್ದರೆಂದು ತನಿಖೆ ಕಂಡುಕೊಂಡಿತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಕಿರಿಯ ಸಹಪೈಲಟ್ ಎಚ್ಚರಿಸಿದರೂ ಆ ಮಾತು ನಡೆಯಲಿಲ್ಲ. ಅನುಭವ ಆದರಣೀಯ, ಆದರೆ ಎಚ್ಚರವಿಲ್ಲದ ಅನುಭವ ಪುಸ್ತಕದಲ್ಲಿ ಬರೆದಿಟ್ಟ ಗಂಟೆಗಳಷ್ಟೇ.

ದೊಡ್ಡ ವಿಮಾನ ಹೆಚ್ಚು ಆದಾಯ ತರುತ್ತದೆ, ಸಮಾನ ವೇತನ ಕೊಟ್ಟರೆ ಸಣ್ಣ ಮಾರ್ಗಗಳೇ ಮುಚ್ಚುತ್ತವೆ ಎಂಬ ಆಕ್ಷೇಪವುಂಟು. ಇದು ಹಗುರವಾದ ಮಾತಲ್ಲ. ಆದರೆ ಗೋಕಾಕ ಡಿಪೋದ ಚಾಲಕ ಹಳ್ಳಿಯ ಖಾಲಿ ಬಸ್ಸನ್ನು ಓಡಿಸಿದನೆಂದು ಸಾರಿಗೆ ಸಂಸ್ಥೆ ಅವನ ಮೂಲವೇತನವನ್ನು ಕಡಿತ ಮಾಡುವುದಿಲ್ಲ. ಸಣ್ಣ ಮಾರ್ಗದ ನಷ್ಟ ತುಂಬಲು ‘ಉಡಾನ್’ ಯೋಜನೆಯಲ್ಲೇ ನೆರವಿನ ಏರ್ಪಾಡಿದೆ. ಆ ನಷ್ಟವನ್ನು ಪೈಲಟ್‌ನ ಜೇಬಿನಿಂದ ತುಂಬುವುದು ಯಾವ ನ್ಯಾಯ? ಯುಪಿಎಸ್ ಎಂಬ ಅಮೆರಿಕದ ಸರಕು ಸಾಗಣೆ ಸಂಸ್ಥೆ ವಿಮಾನದ ಗಾತ್ರವನ್ನು ನೋಡದೆ, ಹುದ್ದೆ ಮತ್ತು ಸೇವಾವಧಿಯನ್ನಷ್ಟೇ ನೋಡಿ ವೇತನ ನೀಡುತ್ತದೆ. ಅದೇನೂ ಮುಳುಗಿಹೋಗಿಲ್ಲ.

ಕೂಲಿಯನ್ನು ಕೇವಲ ಮಾರುಕಟ್ಟೆಯ ಒಪ್ಪಂದಕ್ಕೆ ಬಿಡಲಾಗದು, ಅದು ದುಡಿಯುವವನ ಬಾಳಿಗೆ ಸಾಲುವಂತಿರಬೇಕು ಎಂದು ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿಯೇ ಬೋಧಿಸಿದರು. ಆ ತತ್ತ್ವವನ್ನು ಇಲ್ಲಿಗೆ ಅನ್ವಯಿಸೋಣ. ಒಂದೇ ಹುದ್ದೆಗೆ ಒಂದೇ ಮೂಲವೇತನವಿರಲಿ. ಸೇವಾವಧಿಗೆ ಮಿತವಾದ ಏರಿಕೆ ಇರಲಿ. ರಾತ್ರಿಯ ದುಡಿಮೆಗೆ, ಮನೆಯಿಂದ ದೂರವಿರುವ ದಿನಗಳಿಗೆ, ಪದೇ ಪದೇ ಏರಿಳಿಯುವ ಶ್ರಮಕ್ಕೆ ಪ್ರತ್ಯೇಕ ಭತ್ಯೆ ಸಲ್ಲಲಿ. ದೊಡ್ಡ ವಿಮಾನದವನಿಗೂ ಇದರಿಂದ ಅನ್ಯಾಯವಾಗದು.

ಹೆತ್ತವರೇ, ಮಕ್ಕಳಿಗೆ ಹಾರಲು ಕಲಿಸಿ. ಆದರೆ ರೆಕ್ಕೆಯ ಅಳತೆಯಿಂದ ಮನುಷ್ಯನ ಬೆಲೆ ಕಟ್ಟುವುದನ್ನು ಕಲಿಸಬೇಡಿ. ಸಾಂಬ್ರಾದಲ್ಲಿ ಇಳಿಯುವ ಸಣ್ಣ ವಿಮಾನದಲ್ಲಿ ಬರುವವರು ನಮ್ಮವರೇ.