ಸಾಫ್ಟ್‌ವೇರ್ ಬಿಟ್ಟಿ, ಅಪ್‌ಗ್ರೇಡ್ ಬಿಟ್ಟಿಯಲ್ಲ

‘ನಡೀತಾ ಇದೆಯಲ್ಲ ಸಾರ್, ಯಾಕೆ ಕೆದಕ್ತೀರಾ?’

ಲಿನಕ್ಸ್ ಇರುವ ಕಚೇರಿಗಳಲ್ಲಿ ಹೊಸ ಆವೃತ್ತಿಯ ಮಾತೆತ್ತಿದರೆ ನನಗೆ ಸಿಗುವ ಉತ್ತರ ಇದೇ. ಹಾಸನದಲ್ಲಿದ್ದುಕೊಂಡು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತೆರಿಗೆ ಸಲಹೆಗಾರರು, ಗೊಬ್ಬರದ ಅಂಗಡಿಯವರು, ಡಿಟಿಪಿಯವರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ, ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದ ಕೆಲವರು ಉಬುಂಟು ಎಂಬ ಲಿನಕ್ಸ್‌ಗೆ ಬಂದರು. ದುಡ್ಡೂ ಉಳಿಯಿತು. ಆದರೆ ಒಮ್ಮೆ ಹಾಕಿಸಿದರೆ ಮತ್ತೆ ಅದರ ತಂಟೆಯೇ ಇಲ್ಲ ಎಂದು ಅವರಿಗೆ ಯಾರು ಹೇಳಿದರೋ!

ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುತ್ತದೆ. 22.04 ಅಂದರೆ 2022ರ ಏಪ್ರಿಲ್. ಸಾಮಾನ್ಯ ಭದ್ರತಾ ತಿದ್ದುಪಡಿ ಸಿಗುವುದು ಐದು ವರ್ಷ. 20.04ರ ಅವಧಿ 2025ರ ಮೇನಲ್ಲೇ ಮುಗಿಯಿತು. ಅದರಲ್ಲೇ ಉಳಿದವರು ಅಪ್‌ಗ್ರೇಡ್ ಮಾಡಿ ನೇರವಾಗಿ 24.04ಕ್ಕೆ ಹೋಗುವಂತಿಲ್ಲ, ನಡುವೆ 22.04ಕ್ಕೆ ಬಂದೇ ಹೋಗಬೇಕು. ಮುಂದೂಡಿದಷ್ಟೂ ಕೆಲಸ ಎರಡಾಗುತ್ತದೆ.

ಜನ ಹೆದರುವುದು ಫೈಲುಗಳು ಅಳಿಸಿಹೋದಾವು ಎಂದು. ಬ್ಯಾಕಪ್ ಇದ್ದರೆ ಆ ಭಯ ಬೇಡ. ನಿಜವಾದ ರಗಳೆ ಪ್ರಿಂಟರಿನದು. ಅಪ್‌ಗ್ರೇಡ್ ಮುಗಿದು, ಪರದೆ ಬಂದು, ಲಿಬ್ರೆ ಆಫೀಸ್ ತೆರೆದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ ಯಾರೋ ಒಂದು ಪ್ರಿಂಟ್ ಕೊಡುತ್ತಾರೆ. ಪ್ರಿಂಟರಿನ ದೀಪ ಮಿನುಗುತ್ತದೆ, ಕಾಗದ ಮಾತ್ರ ಅಲ್ಲಾಡುವುದಿಲ್ಲ. ಹಳೆಯ ಕೆಲವು ಚಿಕ್ಕ ಲೇಸರ್ ಪ್ರಿಂಟರುಗಳಿಗೆ ತಯಾರಕರದೇ ಪ್ಲಗಿನ್ ಬೇಕು. ಅದರ ಆವೃತ್ತಿ, ಪ್ರಿಂಟರ್ ತಂತ್ರಾಂಶದ ಆವೃತ್ತಿ ಎರಡೂ ಒಂದೇ ಆಗಿರಬೇಕು. ಅಪ್‌ಗ್ರೇಡ್‌ನಲ್ಲಿ ತಂತ್ರಾಂಶ ಹೊಸದಾಗುತ್ತದೆ, ಪ್ಲಗಿನ್ ಹಳೆಯದೇ ಉಳಿಯುತ್ತದೆ. ಇಂಟರ್ನೆಟ್ ಇದ್ದರೆ ಒಂದು ಕಮಾಂಡಿನಲ್ಲಿ ಸರಿಯಾಗುವ ವಿಷಯ. ಹೊರಗೆ ಪಹಣಿ, ಅಫಿಡವಿಟ್ಟು ಹಿಡಿದು ನಾಲ್ಕು ಜನ ನಿಂತಿದ್ದರೆ ಮಾತ್ರ ಬೈಗುಳ ಇಡೀ ಲಿನಕ್ಸ್‌ಗೆ! ಡಿಜಿಟಲ್ ಸಹಿಯ ಟೋಕನ್ನಿನದೂ ಹೆಚ್ಚುಕಡಿಮೆ ಇದೇ ಕತೆ.

ಡಿಟಿಪಿಯವರಿಗೆ ಇನ್ನೊಂದು ತಾಪತ್ರಯ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದಿಟ್ಟ ಕ್ರಯಪತ್ರ, ಲಗ್ನಪತ್ರಿಕೆಗಳು ಹೊಸದಾಗಿ ಇನ್‌ಸ್ಟಾಲ್ ಮಾಡಿದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಂತೆ ಕಾಣುತ್ತವೆ. ಫಾಂಟ್ ಮತ್ತೆ ಹಾಕಿದರೆ ಸರಿಹೋಗುತ್ತದೆ. ಬೇಕಾದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಟ್ಟುಕೊಂಡರೆ ಈ ಗೋಳು ಪ್ರತಿ ಸಲ ಇರುವುದಿಲ್ಲ.

ಹಾಗಾದರೆ ಯಾವಾಗ ಮಾಡುವುದು? ತಿಂಗಳ ನಾಲ್ಕನೇ ಶನಿವಾರ ಎನ್ನುತ್ತೇನೆ. ಸರ್ಕಾರಿ ಕಚೇರಿ, ಬ್ಯಾಂಕು ಎರಡಕ್ಕೂ ರಜೆ. ಜಿಎಸ್‌ಟಿಯವರ 11ರ ಮತ್ತು 20ರ ಗಡಿಬಿಡಿ ಅಷ್ಟರಲ್ಲಿ ಮುಗಿದಿರುತ್ತದೆ. ಪೇಪರಿನಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಎಂಬ ಮೂಲೆಯನ್ನೂ ನೋಡಿ. ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಭಾನುವಾರವೂ ಹೋಯಿತು. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾಗುವ ಮುಂಚೆ ಅರಕಲಗೂಡು, ಹಾಸನಾಂಬೆಯ ಬಾಗಿಲು ತೆಗೆಯುವ ಮುಂಚೆ ಹಾಸನ ಮುಗಿಸಬೇಕೆಂಬುದು ನನ್ನ ಲೆಕ್ಕ. ಮೊದಲು ಒಂದೇ ಯಂತ್ರ. ಅದರಲ್ಲಿ ಪ್ರಿಂಟ್ ಬಂದ ಮೇಲೆ ಉಳಿದವು.

ಕೇರಳದ ಶಾಲೆಗಳಿಗೆ ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆಯೇ ಲಿನಕ್ಸ್ ಸಿದ್ಧಪಡಿಸಿ ಕೊಡುತ್ತದೆ, ಉಬುಂಟು 22.04 ಆಧರಿಸಿದ ಆವೃತ್ತಿ 2024ರಲ್ಲಿ ಬಂತು. ಕಾಸರಗೋಡಿನ ಕನ್ನಡ ಶಾಲೆಗಳೂ ಆ ವ್ಯವಸ್ಥೆಯೊಳಗೇ ಇವೆ. ಅಲ್ಲಿ ಹೊಸ ಆವೃತ್ತಿ ಮೇಲಿನಿಂದಲೇ ಬರುತ್ತದೆ, ನಮ್ಮ ಪೇಟೆಯಲ್ಲಿ ಪ್ರತಿ ಅಂಗಡಿಯವನೂ ತನ್ನ ಪಾಡು ತಾನೇ ನೋಡಿಕೊಳ್ಳಬೇಕು. ಸಾಫ್ಟ್‌ವೇರ್ ಬಿಟ್ಟಿ ಸಿಕ್ಕಿತೆಂದು ಅಪ್‌ಗ್ರೇಡೂ ಬಿಟ್ಟಿ ಆಗಬೇಕೆನ್ನುವವರಿಗೆ ನಾನು ಹೇಳುವುದಿಷ್ಟೇ: ಅರಕಲಗೂಡಿಗೆ ರೈಲಿಲ್ಲ, ಬೈಕಿಗೆ ಪೆಟ್ರೋಲ್ ಬೇಕು.

22.04 ಇರುವವರಿಗೆ 2027ರ ಏಪ್ರಿಲ್‌ವರೆಗೆ ಸಮಯವಿದೆ. ನಿಮ್ಮ ಎಎಂಸಿ ಕರಾರಿನಲ್ಲಿ ಅಪ್‌ಗ್ರೇಡ್ ಎಂದು ಒಂದು ಸಾಲು ಬರೆಸಿ, ತಾರೀಖು ಹಾಕಿಸಿ, ಅದಕ್ಕೆಂದೇ ದುಡ್ಡು ತೆಗೆದಿಡಿ.