ಮನೆಯವರು ಮುಚ್ಚಿಡುವ ರೋಗ

ಊರಿನಿಂದ ತಾಯಿಯನ್ನೋ ಅಕ್ಕನನ್ನೋ ಮಡದಿಯನ್ನೋ ಚಿಕಿತ್ಸೆಗೆಂದು ಮುಂಬಯಿಗೆ ಕರೆತರುವ ಸಂಕಟ ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸತಲ್ಲ. ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಯ ಮೊಗಸಾಲೆಯಲ್ಲಿ ಅರ್ಧ ತಾಸು ಕುಳಿತವರಿಗೆ ಕನ್ನಡವೋ ತುಳುವೋ ಕಿವಿಗೆ ಬೀಳದೆ ಇರದು. ಅಲ್ಲಿಗೆ ಬರುವ ಸ್ತ್ರೀಯರಲ್ಲಿ ಸ್ತನದ ಕ್ಯಾನ್ಸರಿನವರು ಬಹಳ. ರೋಗ ಮುಂದುವರಿದ ಮೇಲೆ ಬಂದವರೂ ಕಡಮೆಯಲ್ಲ. ಇಂಥ ಮನೆಗಳಲ್ಲಿ ರೋಗದಷ್ಟೇ ಬಾಧಿಸುವ ಇನ್ನೊಂದು ವಿಷಯದ ಕುರಿತು ಇಂದು ನಾಲ್ಕು ಮಾತು ಬರೆಯಬೇಕಾಗಿದೆ.

ಮಾಟುಂಗದ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿರುವ ತರುಣರೊಬ್ಬರು ಈಚೆಗೆ ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಕುಂದಾಪುರದ ಕಡೆಯ ಹಳ್ಳಿಯಲ್ಲಿದ್ದ ಅವರ ತಾಯಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು ವರ್ಷ ಕಳೆದಿತ್ತು. ನೋವಿಲ್ಲದ ಗಂಟು, ಹೇಳಿಕೊಳ್ಳಲು ನಾಚಿಕೆ, ಮಗನಿಗೆ ಖರ್ಚಾದೀತೆಂಬ ಅಂಜಿಕೆ. ಅದು ಒಡೆದು ಹುಣ್ಣಾಗಿ, ಒಗೆಯಲು ಹಾಕಿದ ಬಟ್ಟೆಯ ಕಲೆಯನ್ನು ಮಗಳು ಕಂಡ ಮೇಲೆಯೇ ಸುದ್ದಿ ಹೊರಬಿದ್ದದ್ದು. ಅಷ್ಟರಲ್ಲಿ ರೋಗ ಬೆನ್ನೆಲುಬಿಗೆ ಹಬ್ಬಿತ್ತು. ಮಗ, ಅಕ್ಕ, ಭಾವ ಮೂವರೂ ಸೇರಿ "ಅಮ್ಮನಿಗೆ ಹೇಳುವುದು ಬೇಡ, ಕುರು ಎನ್ನೋಣ" ಎಂದು ನಿಶ್ಚಯಿಸಿದರು. ಆಸ್ಪತ್ರೆಯ ಬೆಂಚಿನ ಮೇಲೆ ತಲೆಗೂದಲು ಉದುರಿದ ಹತ್ತು ಹೆಂಗಸರ ನಡುವೆ ದಿನವಿಡೀ ಕುಳಿತ ತಾಯಿಗೆ ತಿಳಿಯದಿದ್ದೀತೇ? ತಿಳಿದೂ ಸುಮ್ಮನಿದ್ದರು. ರಾತ್ರಿ ಖೋಲಿಯಲ್ಲಿ ಬೆನ್ನು ಸಿಡಿಯುವಾಗ, ಹೋಟೆಲು ಮುಚ್ಚಿದ ಮೇಲೆ ಬಂದು ಮಲಗಿದ ಮಗ ಎಚ್ಚರಗೊಳ್ಳಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಕ್ಕಳು ತಾಯಿಯಿಂದ ರೋಗವನ್ನು ಬಚ್ಚಿಟ್ಟರು, ತಾಯಿ ಮಕ್ಕಳಿಂದ ನೋವನ್ನು. ವೈದ್ಯರು ಕೇಳಿದಾಗಲೂ ಆಕೆ ನೋವಿಲ್ಲವೆಂದೇ ಅಂದರು. ಹೀಗಾಗಿ ನೋವಿನ ಔಷಧವೂ ದೊರೆಯಲಿಲ್ಲ.

ಆ ತರುಣರು ನಮ್ಮಲ್ಲಿಗೆ ಬಂದದ್ದು ಸಾಲದ ವಿಚಾರವಾಗಿ. ವೈದ್ಯರು ಶಸ್ತ್ರಕ್ರಿಯೆ ಬೇಡವೆಂದಿದ್ದರು; ತಾವು ಬಡವರೆಂದು ಹಾಗೆ ಹೇಳಿರಬೇಕೆಂಬುದು ಇವರ ಸಂಶಯ. ಗದ್ದೆಯನ್ನು ಅಡವಿಟ್ಟು ಬೇರೆ ಕಡೆ ಕೊಯ್ಯಿಸುವ ಆಲೋಚನೆ ನಡೆದಿತ್ತು. ಈ ಸಂಶಯ ನಮ್ಮವರಲ್ಲಿ ಬಹು ಮಂದಿಗಿದೆ. ಆದರೆ ಇದೇ ಟಾಟಾ ಆಸ್ಪತ್ರೆಯಲ್ಲಿ, ರೋಗವು ದೇಹದ ಬೇರೆಡೆಗೆ ಹಬ್ಬಿದ್ದ 350 ಮಂದಿ ಸ್ತ್ರೀಯರ ಮೇಲೆ ನಡೆಸಿದ ಪರಿಶೀಲನೆಯ ಫಲ 2015ರಲ್ಲಿ ಪ್ರಕಟವಾಯಿತು. ಮೊದಲು ಔಷಧ ಕೊಟ್ಟು, ಬಳಿಕ ಒಂದು ಪಂಗಡಕ್ಕೆ ಎದೆಯ ಶಸ್ತ್ರಕ್ರಿಯೆ ಹಾಗೂ ವಿಕಿರಣ ಚಿಕಿತ್ಸೆ ಮಾಡಿದರು, ಇನ್ನೊಂದಕ್ಕೆ ಮಾಡಲಿಲ್ಲ. ಕೊಯ್ದುದರಿಂದ ಆಯುಷ್ಯ ಹೆಚ್ಚಲಿಲ್ಲ. ಹುಣ್ಣು, ರಕ್ತಸ್ರಾವಗಳ ಉಪಶಮನಕ್ಕಾಗಿ ಶಸ್ತ್ರಕ್ರಿಯೆ ಬೇಕಾಗುವುದುಂಟು; ಅದು ವೈದ್ಯರು ನಿರ್ಣಯಿಸತಕ್ಕ ವಿಷಯ. ಗದ್ದೆ ಮಾರುವ ಮುನ್ನ "ಇದು ಗುಣಪಡಿಸಲಿಕ್ಕೋ, ನೋವು ಇಳಿಸಲಿಕ್ಕೋ" ಎಂದು ಅವರನ್ನೇ ಕೇಳಬೇಕು. ಕೇಳಲು ಸಂಕೋಚವೇಕೆ? ಇಡ್ಲಿ ಹಳಸಿದರೆ ಗಿರಾಕಿ ನಮ್ಮನ್ನು ಕೇಳದೆ ಬಿಡುತ್ತಾನೆಯೇ!

ಹಬ್ಬಿದ ರೋಗ ಪೂರ್ಣ ಗುಣವಾಗುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಹಾಗೆಂದು ಮಾಡುವುದೇನೂ ಉಳಿದಿಲ್ಲವೆಂಬುದು ಸುಳ್ಳು. ಕೆಲವರು ಹಾರ್ಮೋನು ಮಾತ್ರೆಗಳ ಬಲದಿಂದ ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ. ಎಲುಬಿನ ನೋವು ವಿಕಿರಣದಿಂದ ಇಳಿಯುತ್ತದೆ. ಬೆನ್ನೆಲುಬಿಗೆ ಹಬ್ಬಿದವರಲ್ಲಿ ಕಾಲುಗಳು ಸೋಲತೊಡಗಿದರೆ, ಮೂತ್ರ ಕಟ್ಟಿದರೆ, ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯತಕ್ಕದ್ದು. ತೀವ್ರ ನೋವಿಗೆ ಮಾರ್ಫಿನ್ ಇದೆ. ಅದು ಅಫೀಮಿನ ಮದ್ದೆಂದು ಮನೆಯವರು ಬೆದರುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗಾಗಿ ಸೇವಿಸಿದವರಿಗೆ ಚಟ ಹತ್ತುವುದು ವಿರಳ. ಮಲಬದ್ಧತೆ ಮಾತ್ರ ತಪ್ಪದು, ಅದಕ್ಕೆ ಜೊತೆಯಲ್ಲೇ ಔಷಧ ಕೇಳಿ ಪಡೆಯಬೇಕು. 1985ರ ಮಾದಕ ವಸ್ತುಗಳ ಕಾನೂನು ಈ ಮದ್ದನ್ನು ರೋಗಿಗಳಿಗೂ ದುರ್ಲಭವಾಗಿಸಿತ್ತು. 2014ರಲ್ಲಿ ಅದನ್ನು ತಿದ್ದಿ ದಾರಿ ಸುಗಮಗೊಳಿಸಲಾಯಿತು.

ಆದರೆ ನೋವೆಂದು ಬಾಯಿಬಿಟ್ಟು ಹೇಳಿದವರಿಗಲ್ಲವೇ ಮದ್ದು? ಆದುದರಿಂದಲೇ ರೋಗಿಯಿಂದ ರೋಗವನ್ನು ಮುಚ್ಚಿಡುವ ನಮ್ಮ ಪದ್ಧತಿಯನ್ನು ನಾವು ಒಪ್ಪಲಾರೆವು. ಎಲ್ಲವನ್ನೂ ಒಮ್ಮೆಲೇ ಮುಖಕ್ಕೆ ಹೇಳಿರೆಂಬುದಲ್ಲ. "ಅಮ್ಮಾ, ಡಾಕ್ಟರು ಹೇಳಿದ್ದನ್ನು ನಿಮಗೆ ಹೇಳಲೇ?" ಎಂದು ಕೇಳಿದರೆ ಎಷ್ಟು ತಿಳಿಯಬೇಕೆಂಬುದನ್ನು ಅವರೇ ಸೂಚಿಸುತ್ತಾರೆ. ನಮ್ಮ ಮಾತಿನಂತೆ ಆ ತರುಣರು ಕೇಳಿದರು. ತಾಯಿ ಬಹಳ ಹೊತ್ತು ಸುಮ್ಮನಿದ್ದು, ಹಟ್ಟಿಯಲ್ಲಿರುವ ಗಬ್ಬದ ಹಸು ಕರು ಹಾಕುವುದರೊಳಗೆ ತನ್ನನ್ನು ಊರು ಮುಟ್ಟಿಸಬೇಕೆಂದರಂತೆ. ಗದ್ದೆ ಅಡವಿಡುವ ಮಾತನ್ನು ಅವರೇ ನಿಲ್ಲಿಸಿದರು. ಬೆನ್ನಿಗೆ ವಿಕಿರಣ ಕೊಡಿಸಿ, ಮಾತ್ರೆಗಳೊಂದಿಗೆ ಊರಿಗೆ ಕರೆದೊಯ್ದಿದ್ದಾರೆ.

ಮನೆಯಲ್ಲಿ ಶುಶ್ರೂಷೆ ಅಸಾಧ್ಯವಾದವರಿಗೆ ಬಾಂದ್ರಾದಲ್ಲಿ 1986ರಿಂದ ಶಾಂತಿ ಅವೇದನಾ ಸದನವಿದೆ. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ, ಅಲ್ಲಿ ಹಣ ಪಡೆಯುವುದಿಲ್ಲ. ಊರಿಗೆ ಹತ್ತಿರವಿರಬೇಕೆನ್ನುವವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ದಾರಿಯೂ ಉಂಟು.

ಇನ್ನು ಹೋಟೆಲು ಮಾಲಕರಿಗೊಂದು ಮಾತು. ಗಲ್ಲಾದಲ್ಲಿ ವರ್ಷಗಟ್ಟಲೆ ಕುಳಿತ ನಮಗೆ ಅವರ ಕಷ್ಟ ತಿಳಿಯದ್ದಲ್ಲ. ಕಾರ್ಮಿಕರ ರಾಜ್ಯ ವಿಮೆಯಲ್ಲಿ ಹೆಸರು ಬರೆಸಿದ ಕೆಲಸಗಾರನ ಅವಲಂಬಿತ ತಾಯಿತಂದೆಗಳಿಗೂ ಚಿಕಿತ್ಸೆಯ ಹಕ್ಕುಂಟು. 2019ರ ಜುಲೈಯಲ್ಲಿ ಮಾಲಕನ ಪಾಲನ್ನು ಸಂಬಳದ ಶೇಕಡಾ 3.25ಕ್ಕೆ ಇಳಿಸಲಾಗಿದೆ. ಅಷ್ಟನ್ನು ಉಳಿಸಲು ಹುಡುಗರ ಹೆಸರನ್ನು ಪಟ್ಟಿಯಿಂದ ಹೊರಗಿಡುವವರು ನಮ್ಮಲ್ಲೇ ಇದ್ದಾರೆ. ತಾಯಿಯ ಆರೈಕೆಗೆ ಹೋದವನ ಕೆಲಸವನ್ನು ಎರಡು ತಿಂಗಳು ಕಾದಿಟ್ಟ ಮಾಲಕರೂ ಮಾಟುಂಗದಲ್ಲಿದ್ದಾರೆ. ಮೂರನೆಯ ದಿನವೇ ಬೇರೊಬ್ಬನನ್ನು ಸೇರಿಸಿಕೊಂಡವರೂ ಇದ್ದಾರೆ. ಎರಡೂ ಕಡೆಯವರು ಈ ಪತ್ರಿಕೆಯ ಚಂದಾದಾರರೇ.